ನಡು ತಪ್ಪಿದ ರೂಪಾಯಿ

ಬೆಂಗಳೂರಿನಲ್ಲಿ ಪುಟ್ಟೇನಹಳ್ಳಿಗಳು ಎರಡು. ಒಂದು ಯಲಹಂಕದ ಕಡೆಗೆ, ಇನ್ನೊಂದು ದಕ್ಷಿಣದಲ್ಲಿ, ಜೆ.ಪಿ. ನಗರ ಏಳನೇ ಹಂತಕ್ಕೆ ಅಂಟಿಕೊಂಡದ್ದು. ನಾನು ಹೇಳಹೊರಟಿರುವುದು ಈ ಎರಡನೆಯ ಪುಟ್ಟೇನಹಳ್ಳಿಯ ಕತೆ. ಇಲ್ಲೊಂದು ಕೆರೆಯಿದೆ, ನಿವಾಸಿಗಳೇ ಟ್ರಸ್ಟ್ ಕಟ್ಟಿಕೊಂಡು ಉಳಿಸಿಕೊಂಡ ಕೆರೆ. ಬೆಳಗ್ಗೆ ಕೆರೆ ಸುತ್ತಿ ಬರುವವರು ದಾರಿಯಲ್ಲಿ ತಳ್ಳುಗಾಡಿಯ ಹತ್ತಿರ ನಿಂತು ಸೊಪ್ಪು ಕೊಳ್ಳುವುದು ವಾಡಿಕೆ. ಹಾಗೆ ಕೊಂಡ ಮೆಂತ್ಯ ಸೊಪ್ಪಿನ ಚಿಲ್ಲರೆಯಲ್ಲಿ ನಮ್ಮ ಪಕ್ಕದ ಮನೆಗೆ ಒಂದು ವಿಚಿತ್ರ ರೂಪಾಯಿ ಬಂತು.

ಆ ಮನೆಯ ಹುಡುಗ ಎಂಟನೇ ತರಗತಿಯವನು. ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ಓಡಿ ಬಂದ. 'ಅಂಕಲ್, ಇದು ನೋಡಿ, ಅರ್ಧ ಚಂದ್ರನ ಥರ ಒಂದು ಕಡೆ ಖಾಲಿ ಇದೆ. ಇದಕ್ಕೆ ಐದು ಲಕ್ಷ ಬರುತ್ತಂತೆ!' ಹಿಂದೆಯೇ ಅವನ ತಂದೆ ಬಂದರು. ನಾಣ್ಯದ ಚಿತ್ರವನ್ನು ಅವರು ಯಾರಿಗೋ ಮೊಬೈಲಿನಲ್ಲಿ ಕಳಿಸಿದ್ದರು. ಕೊಳ್ಳಲು ತಯಾರಿದ್ದೇವೆಂದು ಆ ಕಡೆಯವರು ಕೂಡಲೇ ಒಪ್ಪಿದ್ದರು. ಒಂದೇ ಒಂದು ಷರತ್ತು: ಮೊದಲು 'ನೋಂದಣಿ ಶುಲ್ಕ' ಕಟ್ಟಬೇಕು. 'ಸಾರ್, ಕಟ್ಟಿಬಿಡಲಾ? ಮಗನ ಕಾಲೇಜಿಗೆ ಆಗುತ್ತೆ' ಎಂದರು. ಅವರ ದನಿಯಲ್ಲಿ ಆಸೆಯೂ ಇತ್ತು, ಅಳುಕೂ ಇತ್ತು.

'ಒಂದು ಸಂಜೆ ತಡೆಯಿರಿ. ಮೊದಲು ನಾಣ್ಯವನ್ನೇ ಕೇಳೋಣ' ಎಂದೆ. ಆ ಸಂಜೆ ನಾವು ಮೂವರೂ ಊಟದ ಮೇಜಿನ ಮೇಲೆ ಒಂದು ಭೂತಗನ್ನಡಿ, ಒಂದು ಅಳತೆ ಪಟ್ಟಿ ಮತ್ತು ಹತ್ತಾರು ಚಿಲ್ಲರೆ ನಾಣ್ಯಗಳನ್ನು ಹರಡಿಕೊಂಡು ಕುಳಿತೆವು. ಅಂದು ನಾವು ಮಾಡಿದ್ದನ್ನು ನೀವೂ ನಿಮ್ಮ ಮನೆಯಲ್ಲಿ ಮಾಡಬಹುದು.

ಪೂರಿಯಿಂದ ಟಂಕಸಾಲೆಗೆ

ತಪ್ಪು ನಾಣ್ಯವನ್ನು ಗುರುತಿಸಬೇಕಾದರೆ ಸರಿಯಾದ ನಾಣ್ಯ ಹುಟ್ಟುವ ಬಗೆ ತಿಳಿದಿರಬೇಕು. ಇದು ಅಡುಗೆಮನೆಗೆ ತೀರ ದೂರದ ವಿದ್ಯೆಯೇನಲ್ಲ. ಅಮ್ಮ ಹಿಟ್ಟನ್ನು ಅಗಲವಾಗಿ ಲಟ್ಟಿಸಿ, ಡಬ್ಬಿಯ ಮುಚ್ಚಳದಿಂದ ಒತ್ತಿ ಒಂದೇ ಅಳತೆಯ ಪುಟ್ಟ ಪೂರಿಗಳನ್ನು ಕತ್ತರಿಸುವುದನ್ನು ನೋಡಿದ್ದೀರಲ್ಲ? ಟಂಕಸಾಲೆಯಲ್ಲೂ ಲೋಹದ ತಗಡನ್ನು ಹೀಗೆಯೇ ಬೇಕಾದ ದಪ್ಪಕ್ಕೆ ಲಟ್ಟಿಸಿ, ಯಂತ್ರದಿಂದ ದುಂಡು ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಬಿಲ್ಲೆಗಳನ್ನು ಕಾಯಿಸಿ ಮೆದು ಮಾಡಿ, ತೊಳೆದು ಒಣಗಿಸುತ್ತಾರೆ. ಇನ್ನೊಂದು ಯಂತ್ರ ಬಿಲ್ಲೆಯ ಅಂಚನ್ನು ಸುತ್ತಲೂ ಅಮುಕಿ ಸಣ್ಣ ಏರು ಎಬ್ಬಿಸುತ್ತದೆ. ಆಮೇಲೆ ಅಚ್ಚೊತ್ತುವ ಕೆಲಸ.

ಅಚ್ಚೊತ್ತುವ ಯಂತ್ರದಲ್ಲಿ ಮೂರು ಮುಖ್ಯ ಭಾಗಗಳು. ಕೆಳಗೊಂದು, ಮೇಲೊಂದು ಉಕ್ಕಿನ ಠಸ್ಸೆ. ಕಾರ್ಖಾನೆಯ ಭಾಷೆಯಲ್ಲಿ ಡೈ. ಒಂದರಲ್ಲಿ ಸಿಂಹದ ಮುಖ ಕೊರೆದಿರುತ್ತದೆ, ಇನ್ನೊಂದರಲ್ಲಿ ಬೆಲೆಯ ಅಂಕಿ. ಮೂರನೆಯದು ಕಾಲರ್, ಅಂದರೆ ಬಿಲ್ಲೆಯನ್ನು ಸುತ್ತುವರಿದು ಹಿಡಿಯುವ ಉಕ್ಕಿನ ಬಳೆ. ಬಿಲ್ಲೆ ಈ ಬಳೆಯೊಳಗೆ ಕೂರುತ್ತದೆ, ಮೇಲಿನ ಠಸ್ಸೆ ಟನ್ನುಗಟ್ಟಲೆ ಒತ್ತಡದಿಂದ ಇಳಿಯುತ್ತದೆ, ಒಂದೇ ಏಟಿಗೆ ಎರಡು ಮುಖಗಳೂ ಮೂಡುತ್ತವೆ. ಒತ್ತಡಕ್ಕೆ ಲೋಹ ಪಕ್ಕಕ್ಕೆ ಹರಿಯಲು ನೋಡುತ್ತದೆ. ಕಾಲರ್ ತಡೆಯುತ್ತದೆ. ಹಾಗಾಗಿಯೇ ನಾಣ್ಯ ದುಂಡಗಿರುತ್ತದೆ. ಅಂಚಿನಲ್ಲಿ ಗೀರುಗಳಿರುವ ನಾಣ್ಯವಾದರೆ ಸಾಮಾನ್ಯವಾಗಿ ಆ ಗೀರುಗಳನ್ನು ಕೊಡುವುದೂ ಈ ಬಳೆಯೇ.

ಇದೆಲ್ಲ ನಿಮಿಷಕ್ಕೆ ನೂರಾರು ಸಲ ನಡೆಯುತ್ತದೆ. ಇಷ್ಟು ವೇಗದಲ್ಲಿ ಎಂದೋ ಒಮ್ಮೆ ಒಂದು ಬಿಲ್ಲೆ ಬಳೆಯೊಳಗೆ ಕೂರುವ ಬದಲು ಪಕ್ಕಕ್ಕೆ ಜರುಗಿ ನಿಲ್ಲುತ್ತದೆ. ಠಸ್ಸೆಗೆ ಅದು ಗೊತ್ತಾಗುವುದಿಲ್ಲ, ಅದು ತನ್ನ ಪಾಡಿಗೆ ಇಳಿಯುತ್ತದೆ. ಅಂಚೆ ಕಚೇರಿಯ ಮುದ್ರೆ ಅರ್ಧ ಅಂಚೆಚೀಟಿಯ ಮೇಲೆ, ಅರ್ಧ ಲಕೋಟೆಯ ಹೊರಗೆ ಬಿದ್ದ ಹಾಗೆ, ಚಿತ್ರದ ಒಂದು ಭಾಗ ನಾಣ್ಯದ ಆಚೆ ಹೋಗುತ್ತದೆ. ಎದುರು ಬದಿಯಲ್ಲಿ ಅಚ್ಚು ಕಾಣದ ಖಾಲಿ ಲೋಹ ಉಳಿಯುತ್ತದೆ. ಇದೇ ನಡು ತಪ್ಪಿದ ನಾಣ್ಯ. ತಪಾಸಣೆಯಲ್ಲಿ ಇಂಥವು ಸಿಕ್ಕಿಬಿದ್ದು ಕರಗುವ ಮೂಸೆಗೆ ಹೋಗಬೇಕು. ಕಣ್ತಪ್ಪಿಸಿಕೊಂಡವು ಚೀಲ ಸೇರಿ, ಬ್ಯಾಂಕು ಸೇರಿ, ಕೊನೆಗೆ ಸೊಪ್ಪಿನ ಗಾಡಿಯವರೆಗೂ ಬಂದುಬಿಡುತ್ತವೆ.

ನಾಲ್ಕು ಪರೀಕ್ಷೆಗಳು

ಹುಡುಗನ ನಾಣ್ಯ 1998ರ ಸ್ಟೀಲು ರೂಪಾಯಿ. ಈ ಜಾತಿಯ ರೂಪಾಯಿ 1992ರಲ್ಲಿ ಬಂತು. ಸರಿಯಾದ ನಾಣ್ಯದ ಅಗಲ 25 ಮಿಲಿಮೀಟರ್, ತೂಕ 4.85 ಗ್ರಾಂ. ಇದನ್ನು ನೆನಪಿಟ್ಟುಕೊಂಡು ಒಂದೊಂದೇ ಪರೀಕ್ಷೆ ಮಾಡಿದೆವು.

ಮೊದಲನೆಯದು ಎರಡೂ ಮುಖಗಳ ಸಾಕ್ಷ್ಯ. ಜರುಗಿದ್ದು ಬಿಲ್ಲೆ. ಆದ್ದರಿಂದ ಖಾಲಿ ಜಾಗ ಎರಡು ಮುಖಗಳಲ್ಲೂ ಒಂದೇ ಅಂಚಿನಲ್ಲಿ, ಬೆನ್ನಿಗೆ ಬೆನ್ನು ಕೊಟ್ಟ ಹಾಗೆ ಇರಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ನಾಣ್ಯಗಳ ಎರಡು ಮುಖಗಳ ತಲೆ ಒಂದೇ ದಿಕ್ಕಿಗಿರುತ್ತದೆ. ಪುಸ್ತಕದ ಹಾಳೆಯಂತೆ ಮಗುಚಿದರೆ ಹಿಂಬದಿಯೂ ನೆಟ್ಟಗೇ ಕಾಣುತ್ತದೆ. ಹಾಗೆ ಮಗುಚಿದಾಗ ಬಲಗಡೆ ಇದ್ದ ಖಾಲಿ ಜಾಗ ಎಡಗಡೆಗೆ ಬರಬೇಕು, ಮೇಲಿದ್ದದ್ದು ಮೇಲೆಯೇ ಉಳಿಯಬೇಕು. ಹುಡುಗನ ನಾಣ್ಯದಲ್ಲಿ ಅಂಕಿಯ ಮುಖದಲ್ಲಿ ಖಾಲಿ ಇದ್ದದ್ದು ಬಲಕ್ಕೆ, ಸಿಂಹದ ಮುಖದಲ್ಲಿ ಎಡಕ್ಕೆ. ಸಿಂಹದ ಬಲಗಡೆ ಇರಬೇಕಾದ 'ಇಂಡಿಯಾ' ಎಂಬ ಇಂಗ್ಲಿಷ್ ಅಕ್ಷರಗಳು ನಾಣ್ಯದಾಚೆ ಬಿದ್ದುಹೋಗಿದ್ದವು. ಲೆಕ್ಕ ಸರಿಹೊಂದಿತು.

ಎರಡನೆಯದು ತೂಕ. ನಡು ತಪ್ಪಿದ ನಾಣ್ಯದಲ್ಲಿ ಲೋಹ ಕಡಿಮೆಯಾಗಿರುವುದಿಲ್ಲ, ಚಿತ್ರ ಮಾತ್ರ ಜರುಗಿರುತ್ತದೆ. ಆದ್ದರಿಂದ ತೂಕ ಸರಿಯಾದ ನಾಣ್ಯದಷ್ಟೇ ಇರಬೇಕು; ಹಳೆಯದಾದರೆ ಸವೆತಕ್ಕೆ ಕೂದಲೆಳೆಯಷ್ಟು ಕಡಿಮೆ. ಪರಿಚಯದ ಚಿನ್ನದ ಅಂಗಡಿಯವರ ತಕ್ಕಡಿಯಲ್ಲಿ ತೂಗಿಸಿದೆವು. ತೂಕ ಸರಿಯಾಗಿತ್ತು. ಎದ್ದು ಕಾಣುವಷ್ಟು ಕಡಿಮೆ ಬಂದಿದ್ದರೆ ಯಾರೋ ಅರ ಹಾಕಿ ಉಜ್ಜಿದ್ದಾರೆಂದು ಅನುಮಾನಿಸಬೇಕಿತ್ತು.

ಮೂರನೆಯದು ಆಕಾರ ಮತ್ತು ಅಂಚು. ಬಿಲ್ಲೆ ಬಳೆಯೊಳಗೆ ಕೂರದಿದ್ದರಿಂದ ಲೋಹಕ್ಕೆ ತಡೆಯಿಲ್ಲ. ಅಚ್ಚು ಬಿದ್ದ ಬದಿಯಲ್ಲಿ ಅದು ಹೊರಕ್ಕೆ ಹರಿದು ನಾಣ್ಯ ಸ್ವಲ್ಪ ಅಗಲವಾಗುತ್ತದೆ, ಕೊಂಚ ಮೊಟ್ಟೆಯಾಕಾರ ತಾಳುತ್ತದೆ. ಗೀರಂಚಿನ ನಾಣ್ಯವಾಗಿದ್ದರೂ ಅಂಚು ನುಣ್ಣಗಿರುತ್ತದೆ. ಪಕ್ಕದಲ್ಲಿ ಸರಿಯಾದ ನಾಣ್ಯವನ್ನಿಟ್ಟು ಹೋಲಿಸಿದರೆ ಈ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ.

ನಾಲ್ಕನೆಯದು ಗಡಿಗೆರೆ. ಅಚ್ಚು ಬಿದ್ದ ಭಾಗಕ್ಕೂ ಖಾಲಿ ಭಾಗಕ್ಕೂ ನಡುವಿನ ಗೆರೆ ಕೈವಾರದಲ್ಲಿ ಎಳೆದಂತೆ ಸ್ವಚ್ಛವಾದ ಕಮಾನಾಗಿರಬೇಕು, ಏಕೆಂದರೆ ಅದು ದುಂಡು ಠಸ್ಸೆಯ ಅಂಚಿನ ಗುರುತು. ಖಾಲಿ ಜಾಗದಲ್ಲಿ ಉಜ್ಜಿದ ಗೀರು ಇರಬಾರದು. ಬಿಲ್ಲೆಗೆ ಮೊದಲೇ ಕೊಟ್ಟ ಅಂಚಿನ ಏರು ಅಲ್ಲಿ ಹಾಗೇ ಉಳಿದಿದ್ದರೆ ಇನ್ನೂ ಒಳ್ಳೆಯ ಸಾಕ್ಷ್ಯ.

ಇನ್ನು ಎಷ್ಟು ತಪ್ಪಿದೆ ಎಂಬ ಲೆಕ್ಕ. ಖಾಲಿ ಜಾಗದ ಅತಿ ಅಗಲವಾದ ಕಡೆ ಅಳೆದು, ಸರಿಯಾದ ನಾಣ್ಯದ ಅಗಲದಿಂದ ಭಾಗಿಸಿ, ನೂರರಿಂದ ಗುಣಿಸಿದರಾಯಿತು. ನಮ್ಮ ನಾಣ್ಯದಲ್ಲಿ ಅದು 5 ಮಿಲಿಮೀಟರ್ ಇತ್ತು. ಎಂದರೆ ಶೇಕಡ 20ರಷ್ಟು ನಡು ತಪ್ಪಿದೆ. ಶೇಕಡಾವಾರು ಲೆಕ್ಕಕ್ಕೆ ಮುಖ ಸಿಂಡರಿಸುವ ಹುಡುಗ ಅಂದು ತಾನೇ ಮುಂದಾಗಿ ಲೆಕ್ಕ ಮಾಡಿದ!

ವಿದ್ಯಾರ್ಥಿಗಳಿಗೆ ಇಲ್ಲೊಂದು ಒಗಟು. ಈ ರೂಪಾಯಿಯ ಅಂಕಿಯ ಮುಖದಲ್ಲಿ ಇಸವಿ ಇರುವುದು ಕೆಳಗಡೆ. ಖಾಲಿ ಜಾಗ ಮೇಲ್ಗಡೆ ಇದ್ದು, ಬಹಳವಾಗಿ ನಡು ತಪ್ಪಿದ್ದರೆ ಇಸವಿ ಕಾಣುತ್ತದೆಯೇ, ಇಲ್ಲವೇ? ಥಟ್ಟನೆ 'ಕಾಣುತ್ತದೆ' ಎನ್ನಬೇಡಿ. ಮೇಲೆ ಖಾಲಿ ಉಳಿದಿದೆ ಎಂದರೆ ಚಿತ್ರವೆಲ್ಲ ಕೆಳಕ್ಕೆ ಜಾರಿದೆ, ಇಸವಿ ನಾಣ್ಯದಾಚೆ ಬಿದ್ದಿದೆ. ಖಾಲಿ ಜಾಗ ಕೆಳಗಿದ್ದರೇ ಇಸವಿ ಉಳಿಯುವುದು. ಸಂಗ್ರಾಹಕರಿಗೆ ಇಸವಿ ಬಹು ಮುಖ್ಯ. ಅದರ ಕೆಳಗಿನ ಪುಟ್ಟ ಗುರುತೂ ಅಷ್ಟೇ ಮುಖ್ಯ: ವಜ್ರಾಕೃತಿ ಇದ್ದರೆ ಮುಂಬಯಿ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಭಾರತ ಸರ್ಕಾರದ ಟಂಕಸಾಲೆಗಳು ಈ ನಾಲ್ಕೇ. ನಮ್ಮ ಮೈಸೂರಿನ ಮುದ್ರಣಾಲಯ ಅಚ್ಚು ಹಾಕುವುದು ನೋಟುಗಳನ್ನು, ನಾಣ್ಯಗಳನ್ನಲ್ಲ.

ಹೋಲುವ ತಪ್ಪುಗಳು

ನೋಡಲು ಹೀಗೆಯೇ ಕಂಡರೂ ಕಾರಣ ಬೇರೆಯಾದ ತಪ್ಪುಗಳುಂಟು. ಒಂದು ಮುಖ ಮಾತ್ರ ಜರುಗಿ, ಇನ್ನೊಂದು ಮುಖ ಸರಿಯಾಗಿ ನಡುವಿನಲ್ಲೇ ಇದ್ದು, ನಾಣ್ಯವೂ ದುಂಡಗಿದ್ದರೆ ಅದು ಬಿಲ್ಲೆಯ ತಪ್ಪಲ್ಲ. ಒಂದು ಠಸ್ಸೆ ಸ್ಥಾನ ಬಿಟ್ಟು ಕೂತಿದೆ ಎಂದರ್ಥ.

ನಾಣ್ಯವನ್ನು ಮೇಲೂ ಕೆಳಗೂ ಬೆರಳುಗಳಿಂದ ಹಿಡಿದು ಹಾಳೆಯಂತೆ ಮಗುಚಿದಾಗ ಹಿಂಬದಿಯ ಚಿತ್ರ ಓರೆಯಾಗಿಯೋ ತಲೆಕೆಳಗಾಗಿಯೋ ಕಂಡರೆ, ಠಸ್ಸೆ ತಿರುಗಿಕೊಂಡಿದೆ. ನಮ್ಮ ಚಿಲ್ಲರೆಯಲ್ಲಿ ಹುಡುಕಿದರೆ ಸಿಗಬಹುದಾದ ತಪ್ಪು ಇದು. ಚಿತ್ರವೆಲ್ಲ ಪೂರ್ತಿಯಾಗಿದ್ದು ನಾಣ್ಯ ಮಾತ್ರ ಅಗಲವಾಗಿ, ಅಂಚು ನುಣ್ಣಗಾಗಿದ್ದರೆ ಕಾಲರ್ ಕೆಲಸ ಮಾಡಿಲ್ಲ.

ಇನ್ನೊಂದು, ಇಲಿ ಕಚ್ಚಿದಂತೆ ಅಂಚಿನ ತುಂಡೇ ಇಲ್ಲದ ನಾಣ್ಯ. ಇದಕ್ಕೆ ಮತ್ತೆ ಅಡುಗೆಮನೆಗೇ ಹೋಗಬೇಕು. ಅಮ್ಮ ಒಂದು ಪೂರಿ ಕತ್ತರಿಸಿದ ಜಾಗಕ್ಕೆ ತಾಗಿಸಿ ಮತ್ತೊಮ್ಮೆ ಮುಚ್ಚಳ ಒತ್ತಿದರೆ ಎರಡನೆಯ ಪೂರಿ ಕಚ್ಚಿದ ಚಂದ್ರನಂತೆ ಬರುತ್ತದಲ್ಲವೇ? ತಗಡು ಮುಂದಕ್ಕೆ ಸರಿಯದೆ ಕತ್ತರಿ ಮತ್ತೆ ಬಿದ್ದಾಗ ಆಗುವುದೂ ಅದೇ. ಇಲ್ಲಿ ಲೋಹವೇ ಕಡಿಮೆ, ಹಾಗಾಗಿ ತೂಕವೂ ಕಡಿಮೆ. ಹಾಗಾದರೆ ಇದನ್ನು ಅರದಿಂದ ಉಜ್ಜಿದ ನಾಣ್ಯದಿಂದ ಬೇರ್ಪಡಿಸುವುದು ಹೇಗೆ? ಕಚ್ಚಿದ ಜಾಗದ ನೇರ ಎದುರಿನ ಅಂಚನ್ನು ನೋಡಿ. ನಿಜವಾದ ತಪ್ಪಾದರೆ ಅಲ್ಲಿ ಅಂಚಿನ ಏರು ಮಂಕಾಗಿರುವುದೇ ಹೆಚ್ಚು. ಅಂಚು ಎಬ್ಬಿಸುವ ಯಂತ್ರದಲ್ಲಿ ಒಂದು ಬದಿಗೆ ಆಸರೆ ಇಲ್ಲದಾಗ ಎದುರು ಬದಿಗೂ ಒತ್ತಡ ಬೀಳುವುದಿಲ್ಲ. ಈ ಕುರುಹನ್ನು ಸಂಗ್ರಾಹಕರು ಬ್ಲೇಕ್ಸ್‌ಲಿ ಪರಿಣಾಮ ಎನ್ನುತ್ತಾರೆ. ಮನೆಯಲ್ಲಿ ಕೂತು ಅರ ಹಾಕುವವನಿಗೆ ಇದನ್ನು ಹುಟ್ಟಿಸುವುದು ಕಷ್ಟ.

ಎರಡು ಲೋಹದ ಹತ್ತು ರೂಪಾಯಿಯಲ್ಲಿ ಹೊರಗಿನ ಉಂಗುರ ಮತ್ತು ಒಳಗಿನ ಬಿಲ್ಲೆ ಒಂದಕ್ಕೊಂದು ಕಚ್ಚಿಕೊಳ್ಳುವುದು ಅಚ್ಚಿನ ಏಟಿನಲ್ಲೇ. ಒಳಬಿಲ್ಲೆ ಜರುಗಿ ಕೂತಿದ್ದರೆ ಉಂಗುರದ ಮೇಲೆ ಹತ್ತಿಕೊಂಡಂತೆ ಅಚ್ಚಾಗುತ್ತದೆ. ಆದರೆ ಚಿತ್ರವೆಲ್ಲ ಸರಿಯಿದ್ದು, ಒಳಬಿಲ್ಲೆ ಮಾತ್ರ ಓರೆಯಾಗಿ ತಿರುಗಿದ್ದರೆ ಯಾರೋ ಬಡಿದು ತೆಗೆದು ಮತ್ತೆ ಕೂರಿಸಿರುವ ಸಾಧ್ಯತೆಯೇ ಹೆಚ್ಚು.

ಕೈಚಳಕದ 'ತಪ್ಪು'ಗಳು

ಬೆಳ್ಳಗಿರುವುದೆಲ್ಲ ಹಾಲಲ್ಲ. ವಿಚಿತ್ರ ನಾಣ್ಯಗಳಲ್ಲಿ ಅನೇಕವು ಟಂಕಸಾಲೆಯಿಂದ ಹೊರಬಂದ ಮೇಲೆ ಕೆಟ್ಟವು, ಇಲ್ಲವೇ ಕೆಡಿಸಿದವು. ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ವರ್ಕ್‌ಶಾಪಿನ ವೈಸಿನಲ್ಲಿ ಬಿಗಿದರೆ ಒಂದರ ಚಿತ್ರ ಇನ್ನೊಂದರ ಮೇಲೆ ತಿರುವುಮುರುವಾಗಿ, ತಗ್ಗಾಗಿ ಮೂಡುತ್ತದೆ. ಟಂಕಸಾಲೆಯಲ್ಲೂ ಹಿಂದಿನ ನಾಣ್ಯ ಠಸ್ಸೆಗೆ ಅಂಟಿಕೊಂಡರೆ ಕನ್ನಡಿ ಚಿತ್ರ ಬೀಳುವುದುಂಟು. ಆದರೆ ಅಲ್ಲಿ ಆ ಚಿತ್ರ ಸ್ಫುಟವಾಗಿರುತ್ತದೆ, ಅದರಡಿಯಲ್ಲಿ ಆ ಮುಖದ ಮಾಮೂಲಿ ಚಿತ್ರ ಇರುವುದಿಲ್ಲ. ವೈಸಿನ ನಾಣ್ಯದಲ್ಲಿ ಮೂಲ ಚಿತ್ರ ಚಪ್ಪಟೆಯಾಗಿ ಅಡಿಯಲ್ಲೇ ಕಾಣುತ್ತಿರುತ್ತದೆ.

ಸುತ್ತಿಗೆಯ ಏಟು ತಿಂದದ್ದರಲ್ಲಿ ಅಕ್ಷರಗಳ ತಲೆ ಜಜ್ಜಿರುತ್ತದೆ. ರೈಲು ಹಳಿಯ ಮೇಲಿಟ್ಟದ್ದು ತೆಳ್ಳಗಾಗಿ, ಚಿತ್ರ ರಬ್ಬರಿನಂತೆ ಎಳೆದುಕೊಂಡಿರುತ್ತದೆ. ಮಕ್ಕಳೇ, ಇದು ಜೀವಕ್ಕೇ ಅಪಾಯದ ಆಟ. ಯಾರು ಹುರಿದುಂಬಿಸಿದರೂ ಹಳಿಯ ಹತ್ತಿರ ಹೋಗಬೇಡಿ. ನಾಣ್ಯ ಹಾಳುಮಾಡುವುದು ಕಾನೂನಿಗೂ ವಿರುದ್ಧ. 2011ರ ನಾಣ್ಯ ಕಾಯ್ದೆಯ ಪ್ರಕಾರ ನಾಣ್ಯವನ್ನು ಕರಗಿಸುವುದಕ್ಕೆ, ನಾಶಪಡಿಸುವುದಕ್ಕೆ 7 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.

ನೋಡಿ, ಎಲ್ಲ ಪರೀಕ್ಷೆಗಳ ಹಿಂದಿರುವ ಪ್ರಶ್ನೆ ಒಂದೇ: 'ಇದು ಆ ಯಂತ್ರದಲ್ಲಿ ಆಗಲು ಸಾಧ್ಯವೇ?' ಹೇಗೆ ಆಯಿತೆಂದು ಹೇಳಲು ಬಂದರೆ ತಪ್ಪು ನಿಜ. ಹೇಳಲು ಬಾರದಿದ್ದರೆ ಅನುಮಾನಿಸಬೇಕು.

ಅಜ್ಜಿಯ ಆನೆ ಕಾಸು

ನಮ್ಮ ಪರೀಕ್ಷೆಗಳನ್ನು ನೋಡುತ್ತ ಕುಳಿತಿದ್ದ ಹುಡುಗನ ಅಜ್ಜಿ ಒಳಗೆ ಹೋಗಿ ಕುಂಕುಮದ ಡಬ್ಬಿಯಿಂದ ಒಂದು ಹಳೆಯ ತಾಮ್ರದ ಕಾಸು ತಂದರು. ಅದರ ಮೇಲೊಂದು ಆನೆ. ಆದರೆ ಆನೆಗೆ ಸೊಂಡಿಲಿನ ತುದಿಯೇ ಇಲ್ಲ, ಕಾಸಿನಾಚೆ ಹೋಗಿದೆ. 'ಹಾಗಾದ್ರೆ ಇದೂ ತಪ್ಪು ನಾಣ್ಯವೇ ಅಂಕಲ್?' ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ.

ಅದು ಟಿಪ್ಪು ಸುಲ್ತಾನನ ಕಾಲದ ಪೈಸೆ. 1782ರಿಂದ 1799ರವರೆಗಿನ ಅವನ ಆಳ್ವಿಕೆಯಲ್ಲಿ ಶ್ರೀರಂಗಪಟ್ಟಣ, ನಗರ, ಬೆಂಗಳೂರು ಮೊದಲಾದ ಕಡೆ ಟಂಕಸಾಲೆಗಳಿದ್ದವು. ತಾಮ್ರದ ಕಾಸುಗಳ ಒಂದು ಮುಖದಲ್ಲಿ ಆನೆ, ಇನ್ನೊಂದರಲ್ಲಿ ಟಂಕಸಾಲೆಯ ಹೆಸರು. ಆಗ ಯಂತ್ರವಿಲ್ಲ, ಕಾಲರ್ ಇಲ್ಲ. ಕೆಳಗಿನ ಠಸ್ಸೆಯನ್ನು ದಿಮ್ಮಿಯಲ್ಲಿ ನೆಟ್ಟು, ಮೇಲಿನದನ್ನು ಕೈಯಲ್ಲಿ ಹಿಡಿದು, ನಡುವೆ ಬಿಲ್ಲೆಯಿಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಎಷ್ಟೋ ಸಲ ಬಿಲ್ಲೆಗಿಂತ ಠಸ್ಸೆಯೇ ದೊಡ್ಡದು. ಹಾಗಿದ್ದ ಮೇಲೆ ಪೂರ್ತಿ ಚಿತ್ರ ಬೀಳುವುದಾದರೂ ಹೇಗೆ? ಆನೆಗೆ ಬಾಲವೋ ಸೊಂಡಿಲೋ ಇಲ್ಲದಿರುವುದು ಆ ಕಾಲಕ್ಕೆ ಮಾಮೂಲು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕನ್ನಡ ಅಕ್ಷರಗಳಿರುವ 'ಮಯಿಲಿ ಕಾಸು'ಗಳ ಹಣೆಬರಹವೂ ಹೀಗೆಯೇ; ಒಂದರಲ್ಲಿ ಬಿಟ್ಟುಹೋದ ಅಕ್ಷರವನ್ನು ಇನ್ನೊಂದರಲ್ಲಿ ಹುಡುಕಿ ಕೂಡಿಸಿ ಓದಬೇಕು. ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಬಂತು, 1843ರಲ್ಲಿ ಮುಚ್ಚಿತು.

ಎಂದರೆ ಅಜ್ಜಿಯ ಕಾಸಿನಲ್ಲಿ ತಪ್ಪಿಲ್ಲ, ಅದರ ಕಾಲದ ಪದ್ಧತಿಯೇ ಹಾಗೆ. ಕೈಯಲ್ಲಿ ಹೊಡೆದ ಕಾಸಿನಲ್ಲಿ ಪೂರ್ತಿ ಆನೆ ನಡುವಿಗೆ ಬಿದ್ದರೆ ಅದೇ ವಿಶೇಷ. ಯಂತ್ರದ ರೂಪಾಯಿಯಲ್ಲಿ ಸಿಂಹ ನಡು ತಪ್ಪಿದರೆ ಅದು ವಿಶೇಷ. 'ಅಪರೂಪದ ನಡು ತಪ್ಪಿದ ಟಿಪ್ಪು ಕಾಸು' ಎಂದು ಯಾರಾದರೂ ಹೆಚ್ಚಿನ ಬೆಲೆ ಹೇಳಿದರೆ ಮುಗುಳ್ನಕ್ಕು ಮುಂದೆ ಹೋಗಿ.

ಲಕ್ಷದ ಮಾತು

ಈಗ ತಂದೆಯ ಪ್ರಶ್ನೆಗೆ ಬರೋಣ. ನಡು ತಪ್ಪಿದ ನಾಣ್ಯಕ್ಕೆ ಬೆಲೆ ಇಲ್ಲವೆಂದಲ್ಲ. ಹವ್ಯಾಸಿಗಳು ಮುಖಬೆಲೆಗಿಂತ ಹೆಚ್ಚು ಕೊಟ್ಟು ಕೊಳ್ಳುತ್ತಾರೆ. ಎಷ್ಟು ನಡು ತಪ್ಪಿದೆ, ಇಸವಿ ಮತ್ತು ಟಂಕಸಾಲೆಯ ಗುರುತು ಕಾಣುತ್ತವೆಯೇ, ನಾಣ್ಯ ಎಷ್ಟು ಹೊಸದಾಗಿದೆ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಸಾಮಾನ್ಯವಾಗಿ ಅರ್ಧದಷ್ಟು ನಡು ತಪ್ಪಿಯೂ ಇಸವಿ ಉಳಿದಿರುವ ನಾಣ್ಯವನ್ನು ಹೆಚ್ಚು ಮೆಚ್ಚುತ್ತಾರೆ. ಕೂದಲೆಳೆಯಷ್ಟು ಜರುಗಿದ್ದಕ್ಕೆ ಗಿರಾಕಿ ಕಡಿಮೆ. ಕೋಟಿಗಟ್ಟಲೆ ಅಚ್ಚಾದ ರೂಪಾಯಿಯೊಂದಕ್ಕೆ, ಕೈಯಲ್ಲಿ ಹಿಡಿದು ನೋಡದೆ, ತೂಗದೆ, ಬರೀ ಚಿತ್ರ ನೋಡಿ ಐದು ಲಕ್ಷ ಕೊಡುವವರು ಯಾರಿದ್ದಾರೆ?

ಕೊಳ್ಳುವವನು ದುಡ್ಡು ಕೊಡಬೇಕೇ ಹೊರತು ಮಾರುವವನಿಂದ ಕೇಳಬಾರದು. ಅಂಗಡಿಗೆ ಹೋಗಿ ಅಕ್ಕಿ ಕೊಳ್ಳುವಾಗ 'ಮೊದಲು ನೀವೇ ನನಗೆ ಶುಲ್ಕ ಕಟ್ಟಿ' ಎಂದು ನಾವು ಅಂಗಡಿಯವರಿಗೆ ಹೇಳುತ್ತೇವೆಯೇ? ಇಂಥ ಮೋಸಗಳು ಎಷ್ಟು ಹಬ್ಬಿದವೆಂದರೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆ ಕೊಡಬೇಕಾಯಿತು. ಹಳೆಯ ನೋಟು, ನಾಣ್ಯಗಳ ಮಾರಾಟದಲ್ಲಿ ಕೆಲವರು ತನ್ನ ಹೆಸರು, ಲಾಂಛನ ಬಳಸಿ ಶುಲ್ಕ, ಕಮಿಷನ್, ತೆರಿಗೆ ಕೇಳುತ್ತಿದ್ದಾರೆ; ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಅದು ಸ್ಪಷ್ಟಪಡಿಸಿತು.

ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೊಬೈಲು ತೆಗೆದು ಆ ಕಡೆಯವರಿಗೆ ಒಂದೇ ಸಾಲು ಬರೆದರು: 'ಶುಲ್ಕವನ್ನು ಐದು ಲಕ್ಷದಲ್ಲೇ ಮುರಿದುಕೊಂಡು ಉಳಿದದ್ದು ಕಳಿಸಿ.' ಆ ಕಡೆಯಿಂದ ಮತ್ತೆ ಉತ್ತರ ಬರಲಿಲ್ಲ.

ಹುಡುಗನ ಮುಖ ಸಪ್ಪಗಾಗಿತ್ತು. 'ಹಾಗಾದ್ರೆ ಇದು ಸುಳ್ಳು ನಾಣ್ಯಾನಾ?' ಎಂದ. ಅಲ್ಲ, ನಾಣ್ಯ ನಿಜ, ಲಕ್ಷ ಮಾತ್ರ ಸುಳ್ಳು ಎಂದು ಹೇಳಿದಾಗ ಅವನ ಕಣ್ಣು ಮತ್ತೆ ಅರಳಿತು. ಹುಣಿಸೆಹಣ್ಣು ಹಾಕಿ ತಿಕ್ಕಿ ಹೊಳಪು ಬರಿಸುವುದಾಗಿ ಹೊರಟವನನ್ನು ತಡೆದೆ. ಉಜ್ಜಿದ ನಾಣ್ಯಕ್ಕೆ ಸಂಗ್ರಾಹಕರಲ್ಲಿ ಮರ್ಯಾದೆಯಿಲ್ಲ. ಅಂಚು ಹಿಡಿದು ಎತ್ತಬೇಕು, ಒಣ ಕಾಗದದ ಪುಟ್ಟ ಲಕೋಟೆಯಲ್ಲಿಡಬೇಕು, ಎಲ್ಲಿ, ಯಾವಾಗ ಸಿಕ್ಕಿತೆಂದು ಮೇಲೆ ಬರೆಯಬೇಕು. ಅವನು ಬರೆದ: 'ಒಂದು ರೂಪಾಯಿ, 1998, ವಜ್ರದ ಗುರುತು, ಮುಂಬಯಿ. ಶೇಕಡ 20 ನಡು ತಪ್ಪಿದೆ. ಪುಟ್ಟೇನಹಳ್ಳಿ ಕೆರೆ ಹತ್ತಿರ, ಸೊಪ್ಪಿನ ಚಿಲ್ಲರೆಯಲ್ಲಿ.'

ಓದುಗರೇ, ಇಂದು ಸಂಜೆ ನಿಮ್ಮ ಮನೆಯ ಚಿಲ್ಲರೆ ಡಬ್ಬಿಯನ್ನೂ ಮೇಜಿನ ಮೇಲೆ ಸುರಿದು ಮಕ್ಕಳ ಕೈಗೊಂದು ಭೂತಗನ್ನಡಿ ಕೊಡಿ. ನಡು ತಪ್ಪಿದ ನಾಣ್ಯ ಸಿಗದಿದ್ದರೂ ನಾಲ್ಕು ಟಂಕಸಾಲೆಗಳ ಗುರುತುಗಳಂತೂ ಸಿಕ್ಕೇ ಸಿಗುತ್ತವೆ.